ಜೈಲಿನ ಕಾಗದಗಳೂ ಪಾಂಬೂರಿನ ಕ್ಯಾಸೆಟ್ಟೂ

ಒಮಾನಿನ ದಾರ್ಸೈಟಿನಲ್ಲಿದ್ದ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಏನೇ ಆಗಲಿ, ಮೊದಲು ಫೋನು ಹೋಗುತ್ತಿದ್ದುದು ಕ್ಲೆಮೆಂಟಿನಾ ಮಥಾಯಸ್‌ಗೆ. ಮಗುವಿನ ಹುಟ್ಟುಹಬ್ಬವೋ, ಹೊಸ ಫ್ಲ್ಯಾಟಿನ ಪ್ರವೇಶವೋ, ಊರಿನಲ್ಲಿ ಯಾರದೋ ಅಜ್ಜಿ ಹೋದ ಸುದ್ದಿಯೋ, ಜಪಸರ ಹೇಳಿಸಲು ಅವಳೇ ಬೇಕು. ಪಕ್ಕದ ರುವಿಯ ಕಂಪನಿಯೊಂದರಲ್ಲಿ ಹಗಲಿಡೀ ಟೈಪ್ ಹೊಡೆದು, ಸೊಂಟ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಒಲ್ಲೆ ಎಂದದ್ದನ್ನು ಕೇಳಿದವರಿಲ್ಲ. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಆರಾಮ."

ಎಲ್ಲಕ್ಕಿಂತ ಹೆಚ್ಚಾಗಿ ಅವಳು ಬೇಕಾಗುತ್ತಿದ್ದುದು ಸಾವಿಗೆ. ಒಮಾನಿನಲ್ಲಿ ಯಾರಾದರೂ ತೀರಿಕೊಂಡರೆ ದೇಹ ಪೆಟ್ಟಿಗೆಯಲ್ಲಿ ಊರಿಗೆ ಹೋಗುತ್ತಿತ್ತು, ಪೆಟ್ಟಿಗೆಯ ಸಂಗಡ ಒಂದು ಕ್ಯಾಸೆಟ್ಟೂ ಹೋಗುತ್ತಿತ್ತು. ಒಂದು ಬದಿಯಲ್ಲಿ ಇಲ್ಲಿಯವರು ಕೂಡಿ ಹೇಳಿದ ಜಪಸರ. ಇನ್ನೊಂದು ಬದಿಯಲ್ಲಿ ಸತ್ತವನ ಬಗ್ಗೆ ನಾಲ್ಕು ಒಳ್ಳೆಯ ಮಾತು. ಊರಿನಲ್ಲಿ ಏಳನೆಯ ದಿನದ ಪ್ರಾರ್ಥನೆಗೆ ನೆಂಟರು, ನೆರೆಕರೆಯವರು ಸೇರಿದಾಗ ಅದನ್ನು ಹಾಕಿ ಕೇಳುವ ಪದ್ಧತಿ ಬೆಳೆದುಬಿಟ್ಟಿತ್ತು. ಪರದೇಶದಲ್ಲಿ ಸತ್ತವನಿಗೂ ಅಳುವವರಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಹತ್ತು ವರ್ಷದಲ್ಲಿ ಕ್ಲೆಮೆಂಟಿನಾ ಅಂಥ ಮೂವತ್ತೊಂದು ಕ್ಯಾಸೆಟ್ಟಿಗೆ ಮಾತಾಡಿದ್ದಳು.

ಅವಳ ಮಾತಿನ ಹದ ಬೇರೆಯವರಿಗೆ ಬರುತ್ತಿರಲಿಲ್ಲ. ಕುಡಿದು ಕುಡಿದೇ ಹೋದವನು ಅವಳ ಬಾಯಲ್ಲಿ ನಾಲ್ಕು ಜನರನ್ನು ನಗಿಸುತ್ತಿದ್ದ ಉಲ್ಲಾಸದ ಜೀವವಾಗುತ್ತಿದ್ದ. ಯಾರಿಗೂ ಒಂದು ಲೋಟ ಚಹಾ ಕೊಡಿಸದವನು ಮನೆಯವರಿಗಾಗಿ ತನ್ನ ಹೊಟ್ಟೆ ಕಟ್ಟಿದ ತ್ಯಾಗಿಯಾಗುತ್ತಿದ್ದ. ಸುಳ್ಳು ಎನ್ನುವ ಹಾಗಿಲ್ಲ, ನಿಜ ಎಂದು ಎದೆ ತಟ್ಟಿ ಹೇಳುವ ಹಾಗೂ ಇಲ್ಲ. ಪಾಯಸ ಸೀದರೆ ಅನುಭವಸ್ಥರು ಮೇಲಿನದನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿ ಬಡಿಸುವುದಿಲ್ಲವೇ, ಹಾಗೆ.

ಮನೆಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತವಳನ್ನು ನೋಡಿ, ಅದೇ ಫ್ಲ್ಯಾಟಿನಲ್ಲಿದ್ದ ನರ್ಸ್ ರೋಸಲಿಂಡ್ ಕೇಳುತ್ತಿದ್ದಳು.

"ಇವತ್ತು ಯಾರನ್ನು ಸ್ವರ್ಗಕ್ಕೆ ಹತ್ತಿಸಿ ಬಂದಿ ಬಾಯ್?"

ಕೊಂಕಣಿಯವರು ಅಕ್ಕನನ್ನು ಕರೆಯುವುದು ಬಾಯ್ ಎಂದೇ. ಮದುವೆಯಾಗದೆ ತಮ್ಮಂದಿರನ್ನು ದಡ ಹತ್ತಿಸಿದ ಕ್ಲೆಮೆಂಟಿನಾ ಇಡೀ ದಾರ್ಸೈಟಿಗೆ ಬಾಯ್ ಆಗಿದ್ದಳು.

"ಸುಮ್ಮನಿರು ಮಾರಾಯ್ತಿ. ಗಂಟಲು ಹೋಗಿದೆ."

"ನೀನು ಸತ್ತರೆ ಮಾತಾಡುದು ಯಾರು? ಈಗಲೇ ಒಂದು ಟೇಪು ಮಾಡಿಡು, ಆಯ್ತಾ."

ಅವಳ ಕಂಪನಿಯದು ನೀರಿನ ಕೆಲಸ. ಒಮಾನಿನ ಬೆಟ್ಟಗಳ ಬುಡದಿಂದ ಊರಿನ ಖರ್ಜೂರದ ತೋಟದವರೆಗೆ ನೆಲದೊಳಗೇ ಕೊರೆದು ತಂದ ಹಳೆಯ ಕಾಲುವೆಗಳಿವೆ, ಫಲಜ್ ಎನ್ನುತ್ತಾರೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಸುರಂಗ ತೋಡಿ ನೀರು ತರುವುದಿಲ್ಲವೇ, ಅದರ ಅಣ್ಣ. ಅವುಗಳನ್ನು ಅಳೆದು, ನಕ್ಷೆ ಬರೆದು, ಸರಕಾರಕ್ಕೆ ವರದಿ ಕೊಡಲು ಆಲ್ಡರ್ಸನ್ ಎಂಬ ಇಂಗ್ಲಿಷಿನ ಮುದುಕ ಎಂಬತ್ತಮೂರನೆಯ ಇಸವಿಯಲ್ಲಿ ಬಂದ. ಕ್ಲೆಮೆಂಟಿನಾ ಅವನ ಟೈಪಿಸ್ಟ್ ಆದಳು.

ಮೊದಲ ವಾರವೇ ತೊಡಕು ಶುರುವಾಯಿತು. ಅವನು ಸರಕಾರದ ದೊಡ್ಡ ಅಧಿಕಾರಿಗೆ ಪತ್ರ ಹೇಳಿ ಬರೆಸಿದರೆ ಅದರಲ್ಲಿ ಘನತೆವೆತ್ತ ಎಂಬುದಿಲ್ಲ, ತಮ್ಮ ವಿಧೇಯ ಎಂಬುದಿಲ್ಲ. ಬರೇ ಅವರ ಹೆಸರು, ವಿಷಯ, ಇವನ ಹೆಸರು. ಆಫೀಸುಗಳ ನೀರು ಕುಡಿದು ಬೆಳೆದ ಕ್ಲೆಮೆಂಟಿನಾಳಿಗೆ ಇದು ಸರಿಕಾಣಲಿಲ್ಲ. ಒಗ್ಗರಣೆ ಹಾಕದೆ ಸಾರು ಮಾಡುವುದುಂಟೇ? ಅವಳೇ ಎರಡು ಬಿರುದು, ಕೊನೆಗೊಂದು ನಮಸ್ಕಾರ ಸೇರಿಸಿ ಟೈಪ್ ಮಾಡಿ ಸಹಿಗೆ ಇಟ್ಟಳು. ಅವನು ಓದಿ, ಆ ಪದಗಳ ಮೇಲೆ ಪೆನ್ಸಿಲಿನಿಂದ ತೆಳ್ಳಗೆ ಗೆರೆ ಎಳೆದು ಹಿಂದಕ್ಕೆ ಕೊಟ್ಟ. ಮರುವಾರ ಅವಳು ಒಂದೇ ಬಿರುದು ಸೇರಿಸಿದಳು. ಅದರ ಮೇಲೂ ಗೆರೆ ಬಿತ್ತು. ಹೀಗೆ ಮೂರು ತಿಂಗಳು ನಡೆಯಿತು. ಕಡೆಗೆ ಅವನೇ ಕುರ್ಚಿ ಎಳೆದು ಅವಳ ಮೇಜಿನ ಎದುರು ಕುಳಿತ.

"ಆ ಅಧಿಕಾರಿಯನ್ನು ಕಂಡರೆ ನನಗೆ ಗೌರವ ಉಂಟು. ಅದಕ್ಕೇ ಅವರಿಗೆ ಬೆಣ್ಣೆ ಹಚ್ಚುವುದಿಲ್ಲ," ಎಂದ.

"ಅವರಿಗೆ ಬೇಸರವಾದರೆ ಸರ್?"

"ಅವರಿಗೆ ಆಗುವುದಿಲ್ಲ. ನಿಮಗೆ ಆಗುತ್ತಿದೆ, ದಿನಾ ಅಷ್ಟು ಬೆಣ್ಣೆ ಕಡೆದು ಕಡೆದು."

ಈ ಮಾತು ಅವಳಿಗೆ ಆಗ ಅರ್ಥವಾಗಲಿಲ್ಲ. ದೊರೆಗೆ ತಲೆ ಸ್ವಲ್ಪ ಹೀಗೆ ಎಂದುಕೊಂಡು ಮುಂದಿನ ಹಾಳೆ ಏರಿಸಿದಳು.

ಆಫೀಸಿನ ಡ್ರೈವರ್ ಇಸುಬುಗಂತೂ ಆ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಇಸುಬು ಉಳ್ಳಾಲದ ಬ್ಯಾರಿ, ಬಾಯಿ ಜೋರು, ಮನಸ್ಸು ಮೆದು. ಒಮ್ಮೆ ರುಸ್ತಾಕ್ ಎಂಬ ಕೋಟೆಯ ಊರಿನ ಕೆಲಸ ಮುಗಿಯದೆ ಶುಕ್ರವಾರವೂ ಅಲ್ಲೇ ಇರಬೇಕಾಯಿತು. ಇಸುಬು ಜುಮಾ ನಮಾಜಿಗೆ ಹೋಗಿ ಬಂದು ನೋಡಿದರೆ, ಆಲ್ಡರ್ಸನ್ ಕೋಟೆಯ ಹತ್ತಿರ ಖರ್ಜೂರದ ಮರದ ಕೆಳಗೆ, ಫಲಜಿನ ದಂಡೆಯಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕುಳಿತಿದ್ದಾನೆ. ಕ್ಲೆಮೆಂಟಿನಾ ಫೈಲು ಹಿಡಿದುಕೊಂಡು ಜೀಪಿನ ನೆರಳಲ್ಲಿ ಕಾಯುತ್ತಿದ್ದಾಳೆ.

"ಎಂತ ಅಕ್ಕ, ದೊರೆಗೆ ನಿದ್ದೆಯಾ?"

"ನಿದ್ದೆ ಅಲ್ಲವಂತೆ. ಪ್ರಾರ್ಥನೆ ಅಂತೆ."

"ಪುಸ್ತಕ ಎಲ್ಲಿ? ಜಪಮಾಲೆ ಎಲ್ಲಿ? ಬಾಯಿ ಸಹ ಆಡುದಿಲ್ಲ!"

"ದೇವರು ಮಾತಾಡುವ ತನಕ ಕಾಯುದಂತೆ."

ಇಸುಬು ಸ್ವಲ್ಪ ಹೊತ್ತು ಮುದುಕನನ್ನೇ ನೋಡಿದ. "ಹಾಗಾದರೆ ಒಳ್ಳೆಯದೇ ಆಯ್ತು ಅಕ್ಕ. ನಮ್ಮದು ಎಲ್ಲ ಹೇಳುದೇ ಆಯ್ತು, ಅವನಿಗೆ ಹೇಳ್ಲಿಕ್ಕೆ ಟೈಮೇ ಕೊಡುದಿಲ್ಲ ನಾವು," ಎಂದು ನಕ್ಕು ಜೀಪಿನ ರೇಡಿಯೇಟರಿಗೆ ನೀರು ಹಾಕಲು ಹೋದ.

ಆಲ್ಡರ್ಸನ್ ಕ್ವೇಕರ್ ಎಂಬ ಪಂಗಡದವನು. ಮುನ್ನೂರು ವರ್ಷಗಳ ಕೆಳಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಪಂಗಡ. ಅವರಿಗೆ ಪಾದ್ರಿ ಇಲ್ಲ, ಪೀಠ ಇಲ್ಲ. ಒಂದು ಕೋಣೆಯಲ್ಲಿ ಸುಮ್ಮನೆ ಕೂರುವುದು, ಒಳಗಿನಿಂದ ಮಾತು ಬಂದವನು ಎದ್ದು ಹೇಳುವುದು, ಬಾರದಿದ್ದರೆ ಎಲ್ಲರೂ ಸುಮ್ಮನೆ ಎದ್ದು ಕೈ ಕುಲುಕಿ ಮನೆಗೆ ಹೋಗುವುದು. ದೊಡ್ಡವರ ಮುಂದೆ ಟೊಪ್ಪಿ ತೆಗೆಯಲಿಲ್ಲ, ಕೋರ್ಟಿನಲ್ಲಿ ಆಣೆ ಹಾಕಲಿಲ್ಲ ಎಂದು ಸಾವಿರಾರು ಮಂದಿ ಜೈಲು ಸೇರಿದರು. ಆಡುವ ಮಾತೆಲ್ಲ ನಿಜವೇ ಆಗಿರುವಾಗ ಆಣೆ ಯಾತಕ್ಕೆ ಎಂಬುದು ಅವರ ವಾದ. ಜೈಲಿನಿಂದ ಅವರು ಹೊರಗಿದ್ದ ತಮ್ಮವರಿಗೆ ಕಾಗದ ಬರೆದರು. ಹೇಗೆ ಬದುಕಬೇಕು, ಹೇಗೆ ಕಾಯಬೇಕು, ಸೋತಾಗ ಏನು ಮಾಡಬೇಕು ಎಂದು. ಕೈಯಿಂದ ಕೈಗೆ ಹೋದ ಆ ಕಾಗದಗಳನ್ನು ಊರೂರಿನಲ್ಲಿ ಪ್ರತಿ ಮಾಡಿಕೊಂಡು ಓದುತ್ತಿದ್ದರಂತೆ.

ಆಲ್ಡರ್ಸನ್ನನ ಹತ್ತಿರ ಅಂಥ ನಲವತ್ತು ಕಾಗದಗಳ ಒಂದು ಕಟ್ಟು ಇತ್ತು. ಅವನ ಅಜ್ಜಿ ಎಲ್ಲಿಂದಲೋ ನೋಡಿ ಬರೆದುಕೊಂಡದ್ದು. ಎಂಬತ್ತಾರರ ಹೊತ್ತಿಗೆ ಅವನ ಕಣ್ಣು ಮಂಜಾಗತೊಡಗಿತು. ಅಜ್ಜಿಯ ಇರುವೆಯಂಥ ಅಕ್ಷರ ಕಾಣದಾಯಿತು.

"ಇವನ್ನು ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಟೈಪ್ ಮಾಡಿ ಕೊಡುವಿರಾ? ಆಫೀಸಿನ ಕೆಲಸವಲ್ಲ. ಬೇಡವೆನಿಸಿದರೆ ಬೇಡ ಎನ್ನಿ," ಎಂದ.

ಬೇಡ ಎನ್ನುವುದು ಅವಳಿಗೆ ಬರುತ್ತಿರಲಿಲ್ಲವಲ್ಲ. ಒಪ್ಪಿಕೊಂಡಳು. ಒಪ್ಪಿದ ಮೇಲೆ ಯೋಚನೆ ಹತ್ತಿತು. ಜಪಸರವನ್ನೂ ಸಂತರನ್ನೂ ಒಪ್ಪದವರ ಬರಹ ಇದು, ಮುಟ್ಟಬಹುದೇ? ಪಾಪನಿವೇದನೆಯಲ್ಲಿ ಪಾದ್ರಿಗಳನ್ನೇ ಕೇಳಿಬಿಟ್ಟಳು. ಅವರು ಜಾಲರಿಯ ಆಚೆಯಿಂದ, "ಟೈಪ್ ಮಾಡುದು ಪಾಪ ಅಲ್ಲ ಕ್ಲೆಮೆಂಟಿನಾ. ತಪ್ಪು ಟೈಪ್ ಮಾಡಬೇಡ, ಅಷ್ಟೇ," ಎಂದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದ ಮೇಲೆ, ಡಬ್ಬಿಯ ಅನ್ನ ಬೇಗ ಬೇಗ ಉಂಡು, ಅವಳು ಒಂದೊಂದೇ ಕಾಗದ ಇಳಿಸಿದಳು. ಸುಮಾರು ಒಂದು ವರ್ಷ ಹಿಡಿಯಿತು. ಮೊದಮೊದಲು ಬರೇ ಬೆರಳಿನ ಕೆಲಸ. ಆಮೇಲೆ ಬೆರಳು ತಾನಾಗಿ ನಿಲ್ಲತೊಡಗಿತು. ಅದರಲ್ಲಿ ಯಾರದೋ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ಒಬ್ಬ ಕೆಲಸದಾಕೆಯ ಕಾಗದವಿತ್ತು. ಚಳಿಯ ಜೈಲಿನಿಂದ ಬರೆದದ್ದು. 'ನಿಮಗೆ ಧೈರ್ಯ ಹೇಳಬೇಕೆಂದು ಕುಳಿತೆ. ನನ್ನಲ್ಲಿ ಇವತ್ತು ಧೈರ್ಯವಿಲ್ಲ. ಇಲ್ಲದ್ದನ್ನು ಕಳಿಸುವುದು ಹೇಗೆ? ಅದು ಬರುವ ತನಕ ಕಾಯುತ್ತೇನೆ. ನೀವೂ ಮಾತಿಗಿಂತ ಮುಂದೆ ಓಡಬೇಡಿ. ದಣಿದಿದ್ದರೆ ದಣಿದಿದ್ದೇನೆ ಎನ್ನಿ. ದೇವರ ಎದುರು ಯಾರೂ ಮುಖ ತೊಳೆದುಕೊಂಡು ಬರಬೇಕಾಗಿಲ್ಲ.'

ಕ್ಲೆಮೆಂಟಿನಾ ಆ ಹಾಳೆಯನ್ನು ಮೆಷಿನಿನಿಂದ ತೆಗೆಯದೆ ಎಷ್ಟೋ ಹೊತ್ತು ಕುಳಿತಿದ್ದಳು. ಆ ಹಾಲಿನಾಕೆಗೆ ಎಷ್ಟು ಪ್ರಾಯವಿದ್ದಿರಬಹುದು, ಅವಳ ಕೈಬೆರಳೂ ಚಳಿಗೆ ಗಂಟುಗಟ್ಟಿತ್ತೋ ಏನೋ ಎಂದು ಯೋಚಿಸಿದಳು. ನಲವತ್ತೆಂಟು ವರ್ಷದ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಅಡಿಯಲ್ಲಿದ್ದ ಕಾರ್ಬನ್ ಪ್ರತಿಯನ್ನು ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡಳು. ಮನೆಯಲ್ಲಿ ಮಾತೆ ಮರಿಯಮ್ಮನ ಚಿಕ್ಕ ಮೂರ್ತಿಯ ಕೆಳಗೆ ಇಟ್ಟಳು. ಉಳಿದ ಕಾಗದಗಳ ಕಾರ್ಬನ್ನುಗಳೂ ಒಂದೊಂದಾಗಿ ಅಲ್ಲಿಗೇ ಬಂದು ಸೇರಿದವು.

ಎಂಬತ್ತೇಳರ ಕೊನೆಗೆ ಆಲ್ಡರ್ಸನ್ ಊರಿಗೆ ಹೋದ. ವಿಮಾನ ನಿಲ್ದಾಣದಲ್ಲಿ ಕೈ ಕುಲುಕಿದ, ಅಷ್ಟೇ.

ಮರು ವರ್ಷದ ಜೂನ್ ತಿಂಗಳು. ಬೆಳಗ್ಗೆ ಏಳು ಗಂಟೆಗೇ ಬಿಸಿಲು ಕೆನ್ನೆಗೆ ಹೊಡೆಯುವ ಕಾಲ. ಬುಧವಾರ ಸಂಜೆ ರುಸ್ತಾಕಿನ ರಸ್ತೆಯಲ್ಲಿ ರೊನಾಲ್ಡ್ ಎಂಬ ಹುಡುಗನ ಪಿಕಪ್ಪು ಒಂಟೆಗೆ ಗುದ್ದಿ ಪಲ್ಟಿಯಾಯಿತು. ಇಪ್ಪತ್ತೊಂಬತ್ತು ವರ್ಷ, ಮದುವೆ ನಿಶ್ಚಯವಾಗಿರಲಿಲ್ಲ. ಅಲ್ ಹೈಲ್ ಎಂಬಲ್ಲಿ ಕೆಲಸದವರ ಜೊತೆ ರೂಮಿನಲ್ಲಿದ್ದ. ಉಡುಪಿ ಹತ್ತಿರದ ಪಾಂಬೂರಿನವನು. ಊರಿನಲ್ಲಿ ತಾಯಿ ಬೀಟ್ರಿಸ್, ಮಕ್ಕಳ ಬಾಯಲ್ಲಿ ಮಾಂಯ್. ಇಲ್ಲಿ ದಾರ್ಸೈಟಿನಲ್ಲಿ, ಕ್ಲೆಮೆಂಟಿನಾಳ ಕಟ್ಟಡದಲ್ಲೇ, ಒಂದು ಮಹಡಿ ಕೆಳಗೆ ಅವನ ಅಣ್ಣ ವಾಲ್ಟರ್.

ಈ ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ವಾಲ್ಟರ್ ತನ್ನ ಕಫೀಲನ, ಎಂದರೆ ವೀಸಾ ಕೊಟ್ಟು ಪಾಸ್‌ಪೋರ್ಟು ಇಟ್ಟುಕೊಳ್ಳುವ ಅರಬಿ ಧಣಿಯ, ಕೈಕಾಲು ಹಿಡಿದು ತಮ್ಮನನ್ನು ಒಮಾನಿಗೆ ಕರೆಸಿಕೊಂಡಿದ್ದ. ತಮ್ಮ ಆರು ತಿಂಗಳಿಗೇ ಬೇರೆ ಕಫೀಲನ ಹತ್ತಿರ ಕೆಲಸ ಹಿಡಿದ, ಅಣ್ಣನಿಗೆ ಒಂದು ಮಾತು ಹೇಳದೆ. ವಾಲ್ಟರನ ಮುಖ ಅವನ ಕಫೀಲನೆದುರು ಸಣ್ಣದಾಯಿತು. ಅಂದಿನಿಂದ ಚರ್ಚಿನಲ್ಲಿ ಒಬ್ಬ ಬಲಗಡೆ ಕೂತರೆ ಇನ್ನೊಬ್ಬ ಎಡಗಡೆ. ಕ್ರಿಸ್ಮಸ್ಸಿಗೆ ಕ್ಲೆಮೆಂಟಿನಾ ಇಬ್ಬರಿಗೂ ಕುಸ್ವಾರದ ತಿಂಡಿಗಳ ತಟ್ಟೆ ಕೊಟ್ಟು ಬಂದಾಗ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, "ಅವನು ಹೇಗಿದ್ದಾನೆ?"

ಗುರುವಾರ ಬೆಳಗ್ಗೆ ವಾಲ್ಟರ್ ಮೇಲೆ ಬಂದ. ಅವನ ಜೊತೆ ಪ್ರೇಮನಾಥ. ಪ್ರೇಮನಾಥ ಸುರತ್ಕಲ್ಲಿನವನು, ಟಿಕೆಟ್ ಮತ್ತು ಕಾರ್ಗೋ ಆಫೀಸಿನ ಗುಮಾಸ್ತ. ಜಾತಿ ಮತ ನೋಡದೆ ಎಲ್ಲರ ಹೆಣದ ಕಾಗದಪತ್ರಕ್ಕೆ ಓಡಾಡುವವನು, ಎಲ್ಲರ ಕ್ಯಾಸೆಟ್ಟಿಗೆ ತನ್ನ ಟೇಪ್ ರೆಕಾರ್ಡರ್ ತರುವವನು.

"ಪೆಟ್ಟಿಗೆ ಭಾನುವಾರ ಹೋಗ್ತದೆ ಅಕ್ಕ," ಎಂದ ಪ್ರೇಮನಾಥ. "ನಾಳೆ ನಾಲ್ಕು ಗಂಟೆಗೆ ಪ್ರಾರ್ಥನೆ ಇಟ್ಟುಕೊಳ್ಳುವ."

ವಾಲ್ಟರ್ ಗೋಡೆ ನೋಡುತ್ತ ಕುಳಿತಿದ್ದ. ಕ್ಷೌರ ಮಾಡದ ಮುಖ. "ಬಾಯ್, ನೀವು ಮಾತಾಡುವಾಗ ಒಂದು ಹೇಳಬೇಕು," ಎಂದ. "ನಾವಿಬ್ಬರೂ ಇಲ್ಲಿ ಒಂದೇ ಜೀವದ ಹಾಗೆ ಇದ್ದೆವು ಅಂತ. ಪ್ರತಿ ಶುಕ್ರವಾರ ಒಟ್ಟಿಗೆ ಊಟ ಮಾಡ್ತಿದ್ದೆವು ಅಂತ."

ಕ್ಲೆಮೆಂಟಿನಾ ಪ್ರೇಮನಾಥನ ಕಡೆ ನೋಡಿದಳು.

"ಮತ್ತೆ, ನನಗೆ ರಜೆ ಸಿಗಲಿಲ್ಲ ಅಂತ. ಎಷ್ಟು ಬೇಡಿದರೂ ಕಫೀಲ ಪಾಸ್‌ಪೋರ್ಟ್ ಕೊಡಲಿಲ್ಲ, ಅದಕ್ಕೇ ಪೆಟ್ಟಿಗೆಯ ಜೊತೆ ಬರ್ಲಿಕ್ಕೆ ಆಗ್ಲಿಲ್ಲ ಅಂತ. ಮಾಂಯ್‌ಗೆ ನಿಮ್ಮ ಮಾತು ಅಂದರೆ ವೇದವಾಕ್ಯ. ಊರಿನಲ್ಲಿ ಎಲ್ಲ ಟೇಪುಗಳನ್ನೂ ಅವಳು ಕೇಳಿದ್ದಾಳೆ."

"ರಜೆ ಕೇಳಿದಿಯಾ ವಾಲ್ಟರ್?"

ವಾಲ್ಟರ್ ಎದ್ದ. "ನಾಲ್ಕು ಗಂಟೆಗೆ, ಆಯ್ತಾ ಬಾಯ್," ಎಂದು ಮೆಟ್ಟಿಲಿಳಿದು ಹೋದ.

ಕೇಳಿರಲಿಲ್ಲ. ಕಟ್ಟಡಕ್ಕೇ ಗೊತ್ತಿತ್ತು. ತಾಯಿಯ ಮುಖ ನೋಡುವುದಕ್ಕಿಂತ ಒಮಾನಿನ ಜೂನಿನ ಬಿಸಿಲೇ ಅವನಿಗೆ ತಂಪು.

ಶುಕ್ರವಾರ ಬೆಳಗ್ಗೆ ಕ್ಲೆಮೆಂಟಿನಾ ಎಂದಿನಂತೆ ಮಾತು ಬರೆದುಕೊಳ್ಳಲು ಕುಳಿತಳು. ಒಂದೇ ಜೀವದ ಹಾಗೆ ಎಂದು ಬರೆದಳು, ಹೊಡೆದು ಹಾಕಿದಳು. ಅಣ್ಣನ ಪ್ರೀತಿ ಎಂದು ಬರೆದಳು. ಪ್ರೀತಿ ಇದ್ದದ್ದು ನಿಜ. ಮೇಲಿನದನ್ನು ಬಗ್ಗಿಸಿ ಬಡಿಸಬಹುದು. ಮೂವತ್ತೊಂದು ಸಲ ಮಾಡಿದ್ದನ್ನು ಮೂವತ್ತೆರಡನೆಯ ಸಲ ಮಾಡುವುದು ಏನು ಮಹಾ? ಆದರೆ ತೋಳು ಮೇಜಿನ ಮೇಲೆ ಮರದ ತುಂಡಿನಂತೆ ಬಿದ್ದುಕೊಂಡಿತು. ಪಾಂಬೂರಿನ ಮುದುಕಿ ಮಗನ ಬಗ್ಗೆ ಕೇಳುವ ಕೊನೆಯ ಮಾತು ಇದು. ಅದರಲ್ಲಿ ಬೆಣ್ಣೆ ಬೆರೆಸಿದರೆ ಅವಳಿಗೆ ಉಳಿಯುವುದೇನು? ಬೆರೆಸದಿದ್ದರೆ ಬದುಕಿರುವ ಮಗನ ಗತಿಯೇನು?

"ಬರೆದಾಯ್ತಾ?" ರೋಸಲಿಂಡ್ ಕೇಳಿದಳು.

"ಆಗ್ತಾ ಇಲ್ಲ ರೋಸಿ."

"ಹಳೆಯದೇ ಒಂದು ತೆಗೆದು ಹೆಸರು ಬದಲು ಮಾಡು. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದಲ್ಲ," ಎಂದಳು ಕ್ಲೆಮೆಂಟಿನಾ. ಆ ಮಾತು ತನ್ನದೇ ಬಾಯಿಂದ ಬಂತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ನಾಲ್ಕು ಗಂಟೆಗೆ ವಾಲ್ಟರನ ಹಾಲ್‌ನಲ್ಲಿ ಹದಿನೇಳು ಮಂದಿ ಸೇರಿದರು. ಸೋಫಾ ಹೊರಗಿಟ್ಟು ನೆಲಕ್ಕೆ ಚಾಪೆ ಹಾಸಿದ್ದರು. ಟೀಪಾಯಿಯ ಮೇಲೆ ರೊನಾಲ್ಡನ ಫೋಟೋ, ಎರಡು ಮೇಣದ ಬತ್ತಿ, ಪ್ರೇಮನಾಥನ ಟೇಪ್ ರೆಕಾರ್ಡರ್. ಕ್ಲೆಮೆಂಟಿನಾ ಬೆರಳೆತ್ತಿದರೆ ಶುರು, ಮತ್ತೊಮ್ಮೆ ಬೆರಳೆತ್ತಿದರೆ ಬಂದ್, ಇದು ಅವರಿಬ್ಬರ ನಡುವಿನ ಹಳೆಯ ಕಟ್ಟಳೆ. ಮೊದಲ ಬದಿಯಲ್ಲಿ ಜಪಸರ ಸಾಂಗವಾಗಿ ಮುಗಿಯಿತು. ಪ್ರೇಮನಾಥ ಕ್ಯಾಸೆಟ್ಟು ಮಗುಚಿ ಹಾಕಿದ. ಅವಳು ಬೆರಳೆತ್ತಿದಳು. ಗುಂಡಿ ಒತ್ತಿದ.

"ಬೀಟ್ರಿಸ್ ಬಾಯ್," ಎಂದು ಶುರುಮಾಡಿದಳು. "ನಿಮ್ಮ ರೊನಾಲ್ಡ್..."

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಬೆಳಗ್ಗೆ ಅರ್ಧ ಬರೆದ ಚೀಟಿ ಕೈಯಲ್ಲೇ ಇತ್ತು, ಕಣ್ಣು ಅದರ ಮೇಲೆ ಹೋಗಲಿಲ್ಲ. ಅಳು ಬಂದದ್ದಲ್ಲ. ದೂರ ನಡೆದು ನಡೆದು ಬಂದವರು ದಾರಿಬದಿಯ ಕಟ್ಟೆ ಕಂಡೊಡನೆ ಕುಳಿತುಬಿಡುವುದಿಲ್ಲವೇ, ಹಾಗೆ ಅವಳ ಮಾತು ಕುಳಿತುಬಿಟ್ಟಿತು. ಚೀಟಿಯನ್ನು ಮಡಿಲಲ್ಲಿ ಇಟ್ಟು, ಮಂಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

ಒಂದು ನಿಮಿಷ ಜನ ಕಾದರು. ದುಃಖ ಉಕ್ಕಿರಬೇಕು ಎಂದುಕೊಂಡರು. ಎರಡು ನಿಮಿಷವಾದಾಗ ಮುಖ ಮುಖ ನೋಡಿಕೊಂಡರು. ಯಾರೋ ಕೆಮ್ಮಿದರು. ಪ್ರೇಮನಾಥ ಅವಳ ಬೆರಳನ್ನೇ ನೋಡುತ್ತಿದ್ದ. ಬೆರಳು ಏಳಲಿಲ್ಲ, ಅವನು ನಿಲ್ಲಿಸಲಿಲ್ಲ. ಏಸಿಯ ಗುಂಯ್ ಶಬ್ದ. ಒಬ್ಬಳ ಬಳೆ ಕಿಣಿಕಿಣಿ ಎಂದಿತು. ಕೆಳಗೆ ಟ್ಯಾಕ್ಸಿಯೊಂದು ಹಾರ್ನ್ ಹೊಡೆದು ಹೋಯಿತು. ಎದ್ದು ಹೋಗಲು ಯಾರಿಗೂ ಧೈರ್ಯ ಬರಲಿಲ್ಲ, ಅವಳು ಬಾಯ್ ಅಲ್ಲವೇ. ಹತ್ತು ನಿಮಿಷದ ಹೊತ್ತಿಗೆ ಚಡಪಡಿಕೆ ತಾನಾಗಿ ಇಳಿಯಿತು. ಯಾರು ಯಾರೋ ತಮ್ಮ ತಮ್ಮ ಸತ್ತವರನ್ನು ನೆನೆದುಕೊಳ್ಳುತ್ತಿದ್ದಂತೆ ತಲೆ ತಗ್ಗಿಸಿದರು.

ಆಗ ಮೂಲೆಯಿಂದ ವಾಲ್ಟರನ ದನಿ ಬಂತು. ಮಣ್ಣಿನೊಳಗಿನಿಂದ ಬಂದಂತೆ.

"ಮಾಂಯ್, ನಾನು ಅವನ ಹತ್ತಿರ ಮಾತಾಡ್ತಿರಲಿಲ್ಲ."

ಪ್ರೇಮನಾಥ ಗುಂಡಿಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದ.

"ಎರಡು ವರ್ಷ ಆಯ್ತು. ಈಸ್ಟರಿಗೆ ಅವನು ನನ್ನ ಬಾಗಿಲಿಗೆ ಬಂದಿದ್ದ, ನಾನು ಒಳಗಿದ್ದೂ ತೆಗೆಯಲಿಲ್ಲ. ಮತ್ತೆ ಮಾಂಯ್, ನಾನು ರಜೆ ಕೇಳಲೇ ಇಲ್ಲ. ಕೇಳಿದರೆ ಕಫೀಲ ಕೊಡ್ತಾನೆ. ಕೊಟ್ಟರೆ ಬರಬೇಕಾಗ್ತದೆ ಅಂತ ಕೇಳಲಿಲ್ಲ."

ಮುಂದೆ ಬರೇ ಬಿಕ್ಕಳಿಕೆ. ಯಾರೂ ಸಮಾಧಾನ ಹೇಳಲಿಲ್ಲ. ಕ್ಲೆಮೆಂಟಿನಾಳೂ ಹೇಳಲಿಲ್ಲ. ಕಡೆಗೆ ಕ್ಯಾಸೆಟ್ಟು ಮುಗಿದು ಗುಂಡಿ ಟಕ್ಕೆಂದು ಹಾರಿದಾಗ ಎಲ್ಲರೂ ನಿದ್ದೆಯಿಂದ ಎದ್ದವರಂತೆ ಬೆಚ್ಚಿದರು.

ಜನ ಚೆದರಿದ ಕೂಡಲೇ ವಾಲ್ಟರ್ ಮುಖ ಒರೆಸಿಕೊಂಡು ನೆಟ್ಟಗೆ ಟೀಪಾಯಿಗೆ ಬಂದ.

"ಅದನ್ನು ಒರೆಸು ಪ್ರೇಮನಾಥ."

"ಈಗಲೇ?"

"ಈಗಲೇ. ಬಾಯ್, ಇನ್ನೊಮ್ಮೆ ಮಾಡುವ. ನಾನು ಹೇಳಿದ್ದಷ್ಟು ಹೇಳಿ, ಐದು ನಿಮಿಷ ಸಾಕು. ಊರಿನವರ ಎದುರು ಮಾಂಯ್ ಇದನ್ನು ಹಾಕಿದರೆ ನನ್ನ ಮರ್ಯಾದೆ ಎಲ್ಲಿ ಉಳಿಯಿತು?"

"ನನ್ನಿಂದ ಆಗುದಿಲ್ಲ ವಾಲ್ಟರ್."

"ಹತ್ತು ವರ್ಷ ಆಯ್ತಲ್ಲ ನಿಮ್ಮಿಂದ! ಎಲ್ಲಾ ಕುಡುಕರಿಗೂ ಆಯ್ತು, ನನ್ನ ತಮ್ಮನಿಗೆ ಆಗುದಿಲ್ಲವಾ?"

ಅದು ನಾಟಬೇಕಾದಲ್ಲೇ ನಾಟಿತು. ಕ್ಲೆಮೆಂಟಿನಾ ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಕೂದಲಿನ ಪಿನ್ನು ಕಿತ್ತು, ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮೀಟಿ ಮುರಿದಳು. ಆ ಹಲ್ಲು ಮುರಿದರೆ ಅದರ ಮೇಲೆ ಬೇರೇನೂ ತುಂಬಿಸಲು ಬರುವುದಿಲ್ಲ. ಗಲ್ಫಿನಿಂದ ಮನೆಗೆ ಟೇಪು ಕಳಿಸುವ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಪ್ರೇಮನಾಥ ಟೇಪ್ ರೆಕಾರ್ಡರಿನ ವಯರು ಸುತ್ತತೊಡಗಿದ.

"ಕಳಿಸುದು ಬಿಡುದು ನಿನಗೆ ಬಿಟ್ಟದ್ದು. ಒಡೆದು ಬಿಸಾಡಿದರೂ ನಾನು ಕೇಳುದಿಲ್ಲ," ಎಂದು ಕ್ಯಾಸೆಟ್ಟನ್ನು ವಾಲ್ಟರನ ಕೈಯಲ್ಲಿಟ್ಟಳು. "ಅದರ ಮೇಲೆ ಮಾತ್ರ ನನ್ನನ್ನು ಮಾತಾಡಿಸಬೇಡ."

ಮನೆಗೆ ಬಂದು ಬಕೆಟ್ಟಿಗೆ ನೀರು ಹಾಕಿಕೊಳ್ಳಲೂ ಆಗದೆ ಹಾಗೇ ಮಂಚಕ್ಕೆ ಬಿದ್ದಳು. ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಹಾಲಿನಾಕೆ ತನ್ನ ಜೈಲಿನಲ್ಲಿ ತನ್ನ ಮಾತಿಗೆ ತಾನೇ ಹೊಣೆ ಹೊತ್ತಳು. ಇಲ್ಲಿ ತಾನು ಸುಮ್ಮನಾಗಿ ಇನ್ನೊಬ್ಬನ ಎದೆ ಬಗೆಸಿದೆನಲ್ಲ ಎಂದು ಸಂಕಟವಾಯಿತು.

ಶನಿವಾರ ಸಂಜೆ ಇಸುಬು ಸುದ್ದಿ ತಂದ. "ಅಕ್ಕ, ವಾಲ್ಟರ್ ಬೆಳಗ್ಗೆ ಕಫೀಲನ ಆಫೀಸಿಗೆ ಹೋಗಿದ್ದನಂತೆ. ಐದು ನಿಮಿಷದಲ್ಲಿ ಖಲಾಸ್. ಪಾಸ್‌ಪೋರ್ಟು ಕೊಟ್ಟು, ತಮ್ಮ ಹೋದದ್ದಕ್ಕೆ ಆ ಅರಬಿ ಅತ್ತನಂತೆ ಮಾರಾಯ್ರೆ!" ಭಾನುವಾರ ಪೆಟ್ಟಿಗೆ ಹೋದ ವಿಮಾನದಲ್ಲೇ ವಾಲ್ಟರನೂ ಹೋದ. ಕ್ಯಾಸೆಟ್ಟು ಒಯ್ದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ದಾರ್ಸೈಟಿನಲ್ಲಿ ಮಾತ್ರ ಮಾತು ಬೇಕಾದಷ್ಟಾಯಿತು. ಕ್ಲೆಮೆಂಟಿನಾಳಿಗೆ ಆ ಇಂಗ್ಲಿಷಿನವನ ಗಾಳಿ ಬಡಿದಿದೆ ಎಂದರು. ವಯಸ್ಸಾಯಿತು, ಮರೆವು ಎಂದರು. ಜುಲೈಯಲ್ಲಿ ಒಬ್ಬ ಮೇಸ್ತ್ರಿ ಹೋದಾಗ ಫೋನು ಬಂದದ್ದು ಅವಳಿಗಲ್ಲ, ಪಕ್ಕದ ಕಟ್ಟಡದ ಮೈಕಲನಿಗೆ. ಅವನು ಕಾಗದ ನೋಡಿ ಚೆನ್ನಾಗಿಯೇ ಓದಿದನಂತೆ.

"ಸ್ವರ್ಗದ ಏಣಿ ಮೈಕಲನ ಕೈಗೆ ಹೋಯ್ತು ಬಾಯ್," ಎಂದಳು ರೋಸಲಿಂಡ್.

"ಹೋಗಲಿ. ಭಾರ ಇತ್ತು," ಎಂದಳು ಕ್ಲೆಮೆಂಟಿನಾ. ಭಾರ ಇಳಿದದ್ದು ನಿಜ. ಆದರೆ ಇಳಿಸಿದ ಜಾಗದಲ್ಲಿ ನೋವು ಉಳಿದಿತ್ತು. ಸಂಜೆ ಚಪ್ಪಲಿ ಬಿಚ್ಚುವಾಗ ಕಿವಿ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು.

ವಾಲ್ಟರ್ ಆಗಸ್ಟಿನಲ್ಲಿ ಮರಳಿ ಬಂದ. ಅವಳ ಬಾಗಿಲಿಗೆ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಗೋಡೆಯ ಬದಿಗೆ ಸರಿದು ದಾರಿ ಬಿಟ್ಟ, ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅವನು ಅವಳೊಡನೆ ಸರಿಯಾಗಿ ಮಾತಾಡಿದ್ದಿಲ್ಲ. ಪ್ರೇಮನಾಥ ಮಾತ್ರ ಒಂದು ಶುಕ್ರವಾರ ಬೆಳಗ್ಗೆ ಬಂದು, ಕಂದು ಕಾಗದ ಸುತ್ತಿದ ಕ್ಯಾಸೆಟ್ಟು ಕೊಟ್ಟ.

"ವಾಲ್ಟರ್ ಕೊಟ್ಟದ್ದು. ಅವನ ತಾಯಿ ನಿಮಗೆ ಕಳಿಸಿದ್ದಂತೆ ಅಕ್ಕ."

ರೋಸಲಿಂಡ್ ಡ್ಯೂಟಿಗೆ ಹೋಗಿದ್ದಳು. ಕ್ಲೆಮೆಂಟಿನಾ ಅಡುಗೆಮನೆಯ ಸಣ್ಣ ಟೇಪ್ ರೆಕಾರ್ಡರಿಗೆ ಅದನ್ನು ಹಾಕಿ, ಸ್ಟೂಲಿನ ಮೇಲೆ ಕುಳಿತಳು. ಮೊದಲು ಕೋಳಿಯ ಸದ್ದು. ಯಾರೋ 'ಒತ್ತಿ ಆಯ್ತು, ಮಾತಾಡಿ' ಎಂದದ್ದು. ಆಮೇಲೆ ಒಣಗಿದ, ನಿಧಾನದ ಹೆಂಗಸಿನ ದನಿ.

"ಕ್ಲೆಮೆಂಟಿನಾ, ನಾನು ಬೀಟ್ರಿಸ್. ವಾಲ್ಟರ್ ಪೆಟ್ಟಿಗೆಯ ಜೊತೆ ಬಂದ. ಟೇಪು ಅವನೇ ಕೊಟ್ಟ. ಬೇಡದಿದ್ದರೆ ಹಾಕಬೇಡ ಅಂದ. ಏಳನೆಯ ದಿನ ಹಾಕಿದೆವು. ನಿನ್ನ ಬದಿ ಶುರುವಾಗಿ ನಿಂತಿತು. ಟೇಪು ಹಾಳಾಗಿದೆ ಅಂತ ಕ್ಯಾರೋಲಿನ್ ಬಂದ್ ಮಾಡ್ಲಿಕ್ಕೆ ಎದ್ದಳು, ನನ್ನ ಮೈದುನನ ಮಗಳು. ನಾನು ಬೇಡ ಅಂದೆ. ನೀವೆಲ್ಲ ಕೂತದ್ದು ಕೇಳ್ತಿತ್ತು ನನಗೆ. ಯಾರದೋ ಬಳೆ ಕೇಳಿತು. ನನ್ನ ಮಗನಿಗಾಗಿ ಅಷ್ಟು ಹೊತ್ತು ಯಾರು ಸುಮ್ಮನೆ ಕೂತಾರು? ಇಲ್ಲಿ ಬಂದವರು ಎಲ್ಲ ಮಾತೇ ಆಡಿದರು."

ದನಿ ನಿಂತಿತು. ಕೋಳಿ ಮತ್ತೆ ಕೂಗಿತು.

"ಅಣ್ಣತಮ್ಮ ಮಾತು ಬಿಟ್ಟದ್ದು ನನಗೆ ಗೊತ್ತಿತ್ತು ಮಗಳೇ. ಇಬ್ಬರೂ ಕಾಗದದಲ್ಲಿ ಅವನು ಚೆನ್ನಾಗಿದ್ದಾನೆ ಅಂತ ಒಂದೇ ಸಾಲು ಬರೀತಿದ್ದರು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವವರು ಇರಲಿಲ್ಲ. ವಾಲ್ಟರನಿಗೆ ನಿನ್ನ ಮೇಲೆ ಸಿಟ್ಟು ಉಂಟು. ಇರಲಿ, ಸಿಟ್ಟಿದ್ದರೂ ಅವನು ನನ್ನ ಹತ್ತಿರ ಬಂದು ಕೂತ."

ಕುರ್ಚಿ ಸರಿಸಿದ ಸದ್ದು. ಮುದುಕಿ ಹೇಳಬೇಕೋ ಬೇಡವೋ ಎಂದು ತಡೆದಂತೆ.

"ನಿನ್ನ ಹತ್ತಿರ ಒಂದು ಕೇಳ್ಲಿಕ್ಕೆ ಉಂಟು. ನಿನ್ನ ಟೇಪು ನಾನು ಎಷ್ಟೋ ಕೇಳಿದ್ದೇನೆ, ಸಾವಿನ ಮನೆಗಳಲ್ಲಿ. ಪ್ರತಿ ಸಲ ಮಾತು ಶುರು ಮಾಡುವ ಮೊದಲು ಒಂದು ಉಸಿರು ತೆಗೀತಿ ನೀನು. ವರ್ಷದಿಂದ ವರ್ಷಕ್ಕೆ ಆ ಉಸಿರು ಉದ್ದ ಆಗ್ತಾ ಬಂತು. ಈ ಸಲ ಅದು ಮಾತ್ರ ಉಳಿಯಿತು. ನಿನಗೆ ತುಂಬಾ ದಣಿವಾಗಿದೆಯಾ ಮಗಳೇ?"

ಟೇಪು ಅಲ್ಲ, ಬೇರೇನೋ ಟಕ್ಕೆಂದಂತೆ ಕ್ಲೆಮೆಂಟಿನಾ ಕುಳಿತಲ್ಲೇ ಮುಂದಕ್ಕೆ ಬಾಗಿದಳು. ಹತ್ತು ವರ್ಷ ಅವಳ ದನಿ ಹಬ್ಬದ ಮನೆಗಳಲ್ಲೂ ಸಾವಿನ ಮನೆಗಳಲ್ಲೂ ಕೇಳಿತ್ತು. ಅದರ ಹಿಂದಿನ ಉಸಿರನ್ನು ಕೇಳಿದವಳು ಇಷ್ಟು ದೂರದ, ಮುಖ ನೋಡದ ಒಬ್ಬ ಮುದುಕಿ.

ತುಂಬಾ ಹೊತ್ತಿನ ಮೇಲೆ ಎದ್ದು, ಡ್ರಾಯರಿನಿಂದ ಖಾಲಿ ಕ್ಯಾಸೆಟ್ಟೊಂದನ್ನು ತೆಗೆದಳು. ಹಾಕಿ ಗುಂಡಿ ಒತ್ತಿದಳು. ಆರಾಮ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅದು ಹಿಂದೆ ಸರಿಯುವ ತನಕ ಕಾದಳು. ಏಸಿ ಗುಂಯ್ ಎನ್ನುತ್ತಿತ್ತು. ಟೇಪಿನ ಚಕ್ರ ತಿರುಗುತ್ತಿತ್ತು, ತಿರುಗಲಿ ಎಂದು ಬಿಟ್ಟಳು.

"ಹೌದು ಬೀಟ್ರಿಸ್ ಬಾಯ್," ಎಂದಳು ಕೊನೆಗೆ. "ತುಂಬಾ ದಣಿದಿದ್ದೇನೆ."

ಅದಕ್ಕೆ ಮತ್ತೇನನ್ನೂ ಸೇರಿಸಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿ, ಕ್ಯಾಸೆಟ್ಟು ಹೊರಗೆ ತೆಗೆದು, ಕೂದಲಿನ ಪಿನ್ನಿಗಾಗಿ ತಲೆ ತಡವಿಕೊಂಡಳು.